ಮುಚ್ಚಳದ ಲೆಕ್ಕ

ಹಾತಲಗೇರಿ ನಾಕಾದಾಗ ನಮ್ಮ ಬಾರು.
ಬೋರ್ಡಿನ ಮ್ಯಾಲೆ ಇನ್ನೂ ಅಪ್ಪನ ಹೆಸರು, ಒಳಗ
ಸಾವಜಿ ಖಾರದ ಘಾಟು, ಹನ್ನೆರಡು ಮೇಜು, ಏಳು ಆಳು.

ಮಧ್ಯಾಹ್ನ ಮೂರಕ್ಕ, ಗಿರಾಕಿ ಇಲ್ಲದ ಹೊತ್ತಿನ್ಯಾಗ
ಕಾರ್ಮಿಕ ಇಲಾಖೆ ಬಾಯಾರು ಬಂದರು, ಸ್ಕೂಟಿ ಮ್ಯಾಲೆ.
ಸೋಡಾ ಬ್ಯಾಡಂದರು. ಚಾನೂ ಬ್ಯಾಡಂದರು.
ತಮ್ಮ ಚೀಲದಾಗಿನ ನೀರು ಕುಡದು
ಹಾಜರಿ ಪುಸ್ತಕ ಬೆಳಕಿಗೆ ಹಿಡದು ಕೇಳಿದರು:
"ಏಳೂ ಮಂದೀದು ಹೆಬ್ಬೆಟ್ಟು ಒಂದೇ ಏನ್ರೀ?"

ನಾನೂ ನೋಡಿದೆ.
ಪುಟಪುಟಕ್ಕೂ ಏಳೇಳು ನೀಲಿ ಗುರುತು,
ಒಂದೊಂದರ ನಡುವ ಓರೆಯಾಗಿ ಒಂದು ಬಿಳೀ ಗೆರಿ:
ಗೋಲಿ ಸೋಡಾದ ಬಾಟ್ಲಿ ಒಡದು ಅಪ್ಪಗ ಆಗಿದ್ದ ಗಾಯ.
ತೀರಿಕೊಂಡು ವರ್ಷಾತು. ಫೋಟೋದಾಗ ಕೈ ಬಂದಿಲ್ಲ.
ಇಲ್ಲೇ ಅದಾನ, ಪಗಾರ ಮುಟ್ಟಿತು ಅನ್ನೂ ಕಾಲಮ್ಮಿನ್ಯಾಗ.

ಬಾಯಾರು ಬೈಲಿಲ್ಲ. ಹದಿನೈದು ದಿನ ಕೊಟ್ಟರು.
ಕನಿಷ್ಠ ಕೂಲಿ, ವಾರಕ್ಕೊಂದು ರಜಾ,
ಹೊತ್ತು ಮೀರಿದ ತಾಸಿಗೆ ಎರಡು ಪಟ್ಟು,
ಒಡದ ಗ್ಲಾಸಿನ ರೊಕ್ಕ ಪಗಾರದಾಗ ಸುಮ್ಮಸುಮ್ಮನ ಮುರಕೊಳ್ಳೂ ಹಂಗಿಲ್ಲ,
ಗಿರಾಕಿ ಇಟ್ಟ ಟಿಪ್ಪು ಪಗಾರ ಅಲ್ಲ.
ಹೊಳ್ಳಿ ಹೋಗುವಾಗ ಅಡಗಿಮನಿ ಕಡೆ ನೋಡಿ
"ಆ ಹುಡುಗನ ವಯಸ್ಸಿನ ದಾಖಲೆ ತೋರಸ್ರಿ" ಅಂದರು.
ದಾವಲ ಉಳ್ಳಾಗಡ್ಡಿ ಹೆಚ್ಚೂದು ನಿಲ್ಲಿಸಿ ನನ್ನ ಮಾರಿ ನೋಡಿದ.
ಪುಸ್ತಕದಾಗ ಅಂವಗ ಹತ್ತೊಂಬತ್ತು.
ಮೀಸಿಗೆ ಇನ್ನೂ ಆ ಸುದ್ದಿ ಮುಟ್ಟಿರಲಿಲ್ಲ.

ಅದೇ ಸಂಜೀ ಅವನ ಅವ್ವನ್ನ ಕರಿಸಿದೆ.
"ಕಾಯ್ದೆ ಖರೆ ಐತ್ರಿ. ಒಲಿಗೆ ಏನ ಹೇಳ್ಲಿ?" ಅಂದಳು.
ಅದಕ್ಕ ಉತ್ತರ ನನ್ನ ಹಂತ್ಯಾಕ ಇನ್ನೂ ಇಲ್ಲ.
ದಾವಲ ಈಗ ಬರೂದಿಲ್ಲ.

ರಾತ್ರಿ ಶಟರ್ ಅರ್ಧಾ ಇಳಿಸಿ ಹುಚ್ಚೀರಪ್ಪನ್ನ ಕುಂಡರ ಅಂದೆ.
ಹನ್ನೊಂದು ವರ್ಷದ ವೇಟರು, ಕುಂಡರಾಕ ಅಂಜಿದ.
ಕುರ್ಚಿ ಒರಸಿ, ಅದರ ತುದೀಗೆ ಕುಂತ.
"ಬಾಕಿ ಎಷ್ಟಾಕ್ಕೈತಿ ನೋಡೂಣು."
ಅಂವ ಎದ್ದು, ಖಾಲಿ ಕ್ರೇಟಿನ ಹಿಂದಿಂದ
ಎರಡು ಡಾಲ್ಡಾ ಡಬ್ಬಿ ತಂದು ಮೇಜಿನ ಮ್ಯಾಲೆ ಸುರುವಿದ.

ಬೀರಿನ ಮುಚ್ಚಳ.
ಹೊತ್ತು ಮೀರಿ ನಿಂತ ರಾತ್ರಿಗೆ ಒಂದೊಂದು.
ಕೆಲವು ತುಕ್ಕು ತಿಂದಾವ, ಕೆಲವು ಈಗಿಲ್ಲದ ಕಂಪನಿವು.
"ಬರಿಯಾಕ ಬರೂದಿಲ್ರಿ," ಅಂದ, "ಎಣಸಾಕ ಬರತೈತಿ."

ಇಬ್ಬರೂ ಎಣಿಸಿದಿವಿ. ಹತ್ತರ ಗುಂಪಿ, ನೂರರ ಗುಂಪಿ.
ಒಂದ ಮುಚ್ಚಳ ಮಾತ್ರ ನಡುವ ಮಡಚಿತ್ತು.
"ಇದು?"
"ದೊಡ್ಡ ಸಾವಕಾರ್ರು ತೀರಿದ ರಾತ್ರಿದ್ರಿ.
ಹೆಣಾ ಕಾದೀನಲ್ರಿ, ಬೆಳತನಕ."

ನನಗ ಸಿಟ್ಟು ಬಂತು. ಅದನ್ನೂ ಎಣಿಸ್ಯಾನಲ್ಲ!
ಆಮ್ಯಾಲೆ ಆ ಸಿಟ್ಟು ಎಲ್ಲಿಡಬೇಕೋ ತಿಳೀಲಿಲ್ಲ.
ಅವತ್ತು ನಾನು ಹೊರಗ ಕಟ್ಟಿ ಮ್ಯಾಲೆ ನಿದ್ದಿ ಹೋಗಿದ್ದೆ.
ಪೆನ್ನು ತಗೊಂಡು ಬರದೆ:
ಒಂಬತ್ತು ತಾಸು. ಎರಡು ಪಟ್ಟು.

ಕೂಡಿಸಿದ್ದು ಎಷ್ಟಂತ ಹೇಳೂದಿಲ್ಲ.
ಹೆಂಡತಿಯ ಎರಡು ಬಳಿ ಈಗ ಸೊಸೈಟ್ಯಾಗ ಅದಾವ.
ಹುಚ್ಚೀರಪ್ಪ ಹೆಬ್ಬೆಟ್ಟು ಒತ್ತಿದ,
ಹನ್ನೊಂದು ವರ್ಷದಾಗ ಮೊದಲ ಸಲ ತನ್ನದ ತಾನು.
ಗೆರಿ ಇಲ್ಲ ಅದಕ್ಕ. ಸುಳಿ ಒಳಗ ಸುಳಿ,
ಕೊಡಾ ಬಿಟ್ಟ ಮ್ಯಾಲೆ ಬಾವಿ ನೀರು ತಿರಗಿದಂಗ.
ಅದರ ಮಗ್ಗಲಕ, ಹಿಂದಿನ ಪುಟದಾಗ, ಅಪ್ಪ.
ಪುಟಾ ತಿರುವಲಿಲ್ಲ ಬಾಳೊತ್ತು.

ಈಗ ಅಂವಗ ಮಂಗಳವಾರ ರಜಾ.
ಮೊದಲ ಮಂಗಳವಾರ ಸಂಜೀಕ ಬಂದ, ಇಸ್ತ್ರಿ ಅಂಗಿ,
ಫ್ಯಾನಿನ ಕೆಳಗಿನ ಮೇಜಿಗೆ ಕುಂತು ನೀರು ಕೇಳಿದ.
ನಾನೇ ತಂದಿಟ್ಟೆ.
ಗ್ಲಾಸು ಎತ್ತಿ, ಟ್ಯೂಬಲೈಟಿಗೆ ಹಿಡದು, ತಿರುಗಿಸಿ ನೋಡಿ
"ಸರಿ ತೊಳದಿಲ್ರಿ" ಅಂದ.